ಹುಳಿ ಮಣ್ಣಿಗೆ ಸುಣ್ಣ, ಚೌಳು ಮಣ್ಣಿಗೆ ಜಿಪ್ಸಂ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜಯನಗರ ಮುಗಿದು ಜೆ.ಪಿ. ನಗರ ಮೊದಲಾಗುವ ಕಡೆ, ರಾಗಿಗುಡ್ಡ ಎಂಬ ಕಲ್ಲುಗುಡ್ಡವಿದೆ. ಮೇಲೆ ಆಂಜನೇಯಸ್ವಾಮಿಯ ಗುಡಿ. ರಾಗಿಯ ರಾಶಿಯೇ ಕಲ್ಲಾಗಿ ಈ ಗುಡ್ಡ ಆಯಿತೆಂದು ಹಿರಿಯರು ಕಥೆ ಹೇಳುತ್ತಾರೆ. ಕಥೆ ಕಥೆಯಾಗಿಯೇ ಇರಲಿ. ರಸಾಯನ ಶಾಸ್ತ್ರ ಹೇಳುವ ಕಥೆ ಇದಕ್ಕೆ ತಿರುಗುಮುರುಗು: ಕಲ್ಲು ಸವೆದು ಮಣ್ಣಾಗುತ್ತದೆ, ಆ ಮಣ್ಣಿನಲ್ಲಿ ರಾಗಿ ಬೆಳೆಯುತ್ತದೆ.

ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ ಇವೆಲ್ಲ ಈಗ ಜೆ.ಪಿ. ನಗರದ ಮನೆಸಾಲುಗಳ ನಡುವೆ ಸೇರಿಹೋದ ಹಳ್ಳಿಗಳು. ಹಿಂದೆ ಅಲ್ಲಿ ಕೆರೆ ಇತ್ತು, ಕೆರೆಯ ಸುತ್ತ ಹೊಲ ಇತ್ತು. ಸಾರಕ್ಕಿ ಕೆರೆ, ಪುಟ್ಟೇನಹಳ್ಳಿ ಕೆರೆ ಇವತ್ತಿಗೂ ಇವೆ. ಹೊಲಗಳು ಮಾತ್ರ ಇಲ್ಲ. ಆದರೂ ಅಲ್ಲಿ ಮನೆ ಕಟ್ಟಲು ಪಾಯ ತೋಡಿದರೆ ಮೇಲೆ ಬರುವುದು ಅದೇ ಕೆಂಪು ಮಣ್ಣು. ಕನಕಪುರ, ಆನೇಕಲ್ಲು, ಮಾಗಡಿಯ ಕಡೆ ನೀವು ನೇಗಿಲು ಹೂಡುವ ಮಣ್ಣಿಗೆ ಅದು ದಾಯಾದಿ ಮಣ್ಣು. ಆದ್ದರಿಂದ ಈ ಕೆಂಪು ಮಣ್ಣಿನಿಂದಲೇ ಮಾತು ಶುರು ಮಾಡೋಣ.

ಇಷ್ಟು ಗಟ್ಟಿಯಾದ ಕಲ್ಲನ್ನು ಸವೆಸುವವರು ಯಾರು? ಮಳೆಯ ನೀರು. ಮಳೆಹನಿ ಬೀಳುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಒಂದಿಷ್ಟು ಕರಗಿಸಿಕೊಂಡು ಬರುತ್ತದೆ. ಹಾಗೆ ಕರಗಿದ ನೀರು ತೀರ ಸೌಮ್ಯವಾದ ಹುಳಿಯಾಗುತ್ತದೆ. ನಾಲಿಗೆಗೆ ಗೊತ್ತಾಗದಷ್ಟು ಹುಳಿ. ಆದರೆ ಕಲ್ಲಿಗೆ ಗೊತ್ತಾಗುತ್ತದೆ. ಲಾಲ್‌ಬಾಗಿನ ಬಂಡೆಯಂಥ ನಮ್ಮ ಸೀಮೆಯ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅಷ್ಟು ಕಾಲ ಈ ನೀರು ಕೆಲಸ ಮಾಡಿದೆ ಎಂದರೆ ಕೇಳಬೇಕೆ? ಕಲ್ಲಿನೊಳಗಿನ ಕೆಲವು ಖನಿಜಗಳು ಜೇಡಿಯಾದವು. ಬೆಣಚು ಮರಳಾಗಿ ಉಳಿಯಿತು. ಒಳಗಿದ್ದ ಕಬ್ಬಿಣ ಗಾಳಿ ನೀರು ತಗುಲಿ ತುಕ್ಕು ಹಿಡಿಯಿತು. ಮೂಲೆಯಲ್ಲಿ ಬಿದ್ದ ಹಳೆಯ ಗುಳ ಕೆಂಪಾಗುತ್ತದಲ್ಲ, ನಿಮ್ಮ ಹೊಲದ ಮಣ್ಣು ಕೆಂಪಾದದ್ದೂ ಅದೇ ರೀತಿ. ಸುಣ್ಣದ ಅಂಶವೋ, ಮಳೆಯೊಂದಿಗೆ ಕರಗಿ ಹಳ್ಳ ಸೇರಿತು. ಸುಣ್ಣ ಹೋದ ಮಣ್ಣಿನಲ್ಲಿ ಹುಳಿ ಉಳಿಯಿತು.

ಹುಳಿ ಎಂದೆ. ಪುಸ್ತಕದಲ್ಲಿ ಇದಕ್ಕೆ ಆಮ್ಲ ಎಂದು ಹೆಸರು. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣ ಎಂದು ಒಂದು ಪಾಠವೇ ಇದೆ. ಜೆ.ಪಿ. ನಗರದ ಶಾಲೆಯ ಮಗುವೂ ಅದನ್ನೇ ಓದುತ್ತದೆ, ನಿಮ್ಮ ಮಗುವೂ ಅದನ್ನೇ ಓದುತ್ತದೆ. ಪಟ್ಟಣದ ಮಗುವಿಗೆ ಗಾಜಿನ ನಳಿಗೆ ಇರಬಹುದು. ನಿಮ್ಮ ಮಗುವಿಗೆ ಅಡುಗೆಮನೆ ಇದೆ, ಹೊಲ ಇದೆ. ನನ್ನನ್ನು ಕೇಳಿದರೆ ಈ ಪಾಠಕ್ಕೆ ಹೊಲವೇ ಮೇಲು.

ತಾಯಂದಿರೆ, ಆರತಿಗೆ ಕೆಂಪು ನೀರು ಹೇಗೆ ಮಾಡುತ್ತೀರಿ? ನೀರಿಗೆ ಅರಿಶಿನ ಕದಡಿ ಚಿಟಿಕೆ ಸುಣ್ಣ ಹಾಕುತ್ತೀರಿ. ಹಳದಿ ನೀರು ಕಣ್ಣೆದುರಿಗೇ ಕೆಂಪಾಗುತ್ತದೆ. ಆ ಕೆಂಪು ನೀರಿಗೆ ಒಂದು ನಿಂಬೆಹಣ್ಣು ಹಿಂಡಿ ನೋಡಿ, ಮತ್ತೆ ಹಳದಿ! ನಿಂಬೆರಸ, ಹುಣಸೆಹಣ್ಣು, ಹುಳಿಮಜ್ಜಿಗೆ ಇವು ಆಮ್ಲದ ಪೈಕಿ. ಸುಣ್ಣ, ಒಲೆಯ ಬೂದಿ, ಬಟ್ಟೆ ಸೋಡಾ, ಸಾಬೂನು ಇವು ಪ್ರತ್ಯಾಮ್ಲದ ಪೈಕಿ. ಕ್ಷಾರ ಎಂದರೂ ನಡೆಯುತ್ತದೆ. ಒಂದು ಇನ್ನೊಂದರ ಮುಖ ಕಂಡರೆ ಎರಡೂ ತಮ್ಮ ಗುಣ ಬಿಟ್ಟುಕೊಡುತ್ತವೆ. ಆಮ್ಲದ ಹುಳಿಯೂ ಹೋಯಿತು, ಸುಣ್ಣದ ಖಾರವೂ ಹೋಯಿತು. ಉಳಿದದ್ದು ಒಂದು ಲವಣ ಮತ್ತು ನೀರು. ಊಟದ ಉಪ್ಪು ಅಂಥ ಲವಣಗಳಲ್ಲಿ ಒಂದು, ಅಷ್ಟೆ. ಅಮೋನಿಯಂ ಸಲ್ಫೇಟ್ ಗೊಬ್ಬರವೂ ಲವಣ, ಜಿಪ್ಸಂ ಕೂಡ ಲವಣ.

ಸುಣ್ಣದ ಸಂಸಾರ ಸ್ವಲ್ಪ ದೊಡ್ಡದು, ಅದನ್ನೂ ತಿಳಿದುಕೊಳ್ಳಿ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಗಾಳಿಯೊಂದು ಹೊರಟುಹೋಗಿ ಸುಟ್ಟಸುಣ್ಣ ಆಗುತ್ತದೆ. 100 ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ ಉಳಿಯುವುದು 56 ಕಿಲೋ. ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಯಿತು. ತೂಕ ಎಲ್ಲಿಗೂ ನಾಶವಾಗಲಿಲ್ಲ, ನಮ್ಮ ಕೈಯಿಂದ ಗಾಳಿಗೆ ಹೋಯಿತು. ಸುಟ್ಟಸುಣ್ಣಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಕುದಿಯುತ್ತದೆ, ಅರಳುತ್ತದೆ. ಒಲೆ ಇಲ್ಲದೆ ಕುದಿತ ಎಲ್ಲಿಂದ ಬಂತು? ಸುಣ್ಣವೂ ನೀರೂ ಕೂಡುವಾಗಲೇ ಆ ಕಾವು ಹುಟ್ಟುತ್ತದೆ. ಮಕ್ಕಳನ್ನು ಆಗ ದೂರ ನಿಲ್ಲಿಸಿ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಸಂಚಕಾರ. ಅರಳಿದ ಸುಣ್ಣವನ್ನೇ ಎಲೆಗೆ ಸವರುತ್ತೀರಿ, ಗೋಡೆಗೆ ಬಳಿಯುತ್ತೀರಿ. ಗೋಡೆಯ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ವಾಪಸು ಪಡೆದು ಪುನಃ ಸುಣ್ಣಕಲ್ಲೇ ಆಗುತ್ತದೆ. ಅದಕ್ಕೇ ಹಳೆಯ ಗೋಡೆಯ ಸುಣ್ಣ ಅಷ್ಟು ಗಟ್ಟಿ.

ಈಗ ಹೊಲಕ್ಕೆ ಬನ್ನಿ. ಮಣ್ಣು ಎಷ್ಟು ಹುಳಿ ಎಂದು ನಾಲಿಗೆಯಲ್ಲಿ ನೆಕ್ಕಿ ನೋಡುವುದಕ್ಕಾಗದು. ಅದಕ್ಕೊಂದು ಅಳತೆ ಇದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ ಎಂದು ಬರೆದಿರುತ್ತದೆ, ಮಗುವಿನ ಪುಸ್ತಕದಲ್ಲಿ ಪಿ.ಎಚ್. ಎಂದಿರುತ್ತದೆ, ಎರಡೂ ಒಂದೇ. ಡೆನ್ಮಾರ್ಕ್ ದೇಶದ ಸೊರೆನ್ಸೆನ್ ಎಂಬ ರಸಾಯನ ಶಾಸ್ತ್ರಜ್ಞ 1909ರಲ್ಲಿ ಇದನ್ನು ಬಳಕೆಗೆ ತಂದ. ಅವನು ಕೆಲಸ ಮಾಡುತ್ತಿದ್ದುದು ಒಂದು ಬಿಯರ್ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ, ನೋಡಿ! ಈ ಅಳತೆಯಲ್ಲಿ 7 ಎಂದರೆ ಹುಳಿಯೂ ಇಲ್ಲ, ಕ್ಷಾರವೂ ಇಲ್ಲ. ಏಳಕ್ಕಿಂತ ಕೆಳಗೆ ಹೋದಷ್ಟೂ ಹುಳಿ, ಮೇಲೆ ಹೋದಷ್ಟೂ ಕ್ಷಾರ. ಒಂದು ಮಾತು ಮಾತ್ರ ಗಮನದಲ್ಲಿರಲಿ: ಒಂದೊಂದು ಮೆಟ್ಟಿಲಿಗೂ ಹತ್ತರಷ್ಟು ವ್ಯತ್ಯಾಸ. 6 ಇದ್ದ ಮಣ್ಣು 5ಕ್ಕೆ ಇಳಿದರೆ "ಒಂದೇ ಅಲ್ವೆ ಕಡಮೆ ಆದದ್ದು" ಎನ್ನಬೇಡಿ. ಹುಳಿ ಹತ್ತುಪಟ್ಟು ಏರಿದೆ.

ಮಳೆಯೊಂದೇ ಮಣ್ಣನ್ನು ಹುಳಿ ಮಾಡುವುದಿಲ್ಲ. ನಾವು ಹಾಕುವ ಸಾರಜನಕದ ಗೊಬ್ಬರವೂ ಮಾಡುತ್ತದೆ. ಯೂರಿಯ ಮಣ್ಣಿಗೆ ಬಿದ್ದು ಅಮೋನಿಯ ಆಗುತ್ತದೆ. ಅದನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟಿಗೆ ತಿರುಗಿಸುತ್ತವೆ. ಹಾಗೆ ತಿರುಗಿಸುವಾಗ ಆಮ್ಲ ಹುಟ್ಟುತ್ತದೆ. ಲೆಕ್ಕ ಹೀಗಿದೆ. 100 ಕಿಲೋ ಅಮೋನಿಯಂ ಸಲ್ಫೇಟಿನಿಂದ ಹುಟ್ಟುವ ಹುಳಿಯನ್ನು ತೀರಿಸಲು ಸುಮಾರು 110 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು. 100 ಕಿಲೋ ಯೂರಿಯಕ್ಕೆ ಸುಮಾರು 80 ಕಿಲೋ. ಈಗಿನ 45 ಕಿಲೋ ಯೂರಿಯ ಮೂಟೆ ಒಂದಕ್ಕೆ 36 ಕಿಲೋ ಎಂದಾಯಿತು. ಯೂರಿಯ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ವರ್ಷಾನುವರ್ಷ ಬರಿಯ ಯೂರಿಯ ಎರಚಿ, ಕೊಟ್ಟಿಗೆ ಗೊಬ್ಬರ ಮರೆತು, ಸುಣ್ಣದ ಹೆಸರೇ ಎತ್ತದಿದ್ದರೆ ಸಾಲ ಬೆಳೆಯುತ್ತ ಹೋಗುತ್ತದೆ, ಅಷ್ಟೆ.

ಹುಳಿ ಹೆಚ್ಚಾದರೆ ಏನು ನಷ್ಟ? ದುಡ್ಡು ಕೊಟ್ಟು ತಂದ ರಂಜಕದ ಗೊಬ್ಬರವನ್ನು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದುಕೊಂಡು ಬಿಡುತ್ತವೆ. ಗೊಬ್ಬರ ಹೊಲದಲ್ಲೇ ಇರುತ್ತದೆ, ಬೆಳೆಗೆ ಎಟಕುವುದಿಲ್ಲ. ರಸಸಾರ 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಮೊಟಕು ಮಾಡುತ್ತದೆ. ರಾಗಿ ಗಟ್ಟಿ ಜೀವ, ಒಂದಷ್ಟು ಹುಳಿ ತಡೆಯುತ್ತದೆ. ಅವರೆ, ತೊಗರಿ, ಕಡಲೆಕಾಯಿ ಅಷ್ಟು ತಡೆಯವು. ಬೇರಿನಲ್ಲಿ ಗಂಟು ಕಟ್ಟುವುದೇ ಕಡಮೆಯಾಗುತ್ತದೆ. ರಾಗಿ ಚೆನ್ನಾಗಿದೆ, ಅಕ್ಕಡಿ ಸಾಲಿನ ಅವರೆ ಮಾತ್ರ ಯಾಕೋ ಸೊರಗಿದೆ ಎಂದರೆ ಹುಳಿಯ ಕಡೆಗೂ ಒಮ್ಮೆ ಅನುಮಾನ ಪಡಿ.

ಇಷ್ಟೆಲ್ಲ ಹೇಳಿದ್ದು ಅಂಗಡಿಯ ಬಾಗಿಲಿಗೆ ಹೋಗುವ ಮುಂಚೆ ತಿಳಿದಿರಲಿ ಎಂದು. ಅಂಗಡಿಯಲ್ಲಿ ಎರಡು ಮೂಟೆ ಇರುತ್ತವೆ. ಎರಡರಲ್ಲೂ ಬೆಳ್ಳಗಿನ ಪುಡಿ, ಎರಡರಲ್ಲೂ ಕ್ಯಾಲ್ಸಿಯಂ ಇದೆ. ಒಂದು ಕೃಷಿ ಸುಣ್ಣ, ಇನ್ನೊಂದು ಜಿಪ್ಸಂ. "ಯಾವುದಾದರೇನು ಸ್ವಾಮಿ, ಎರಡೂ ಮಣ್ಣು ಸರಿ ಮಾಡೋದೇ" ಎನ್ನುವವರಿದ್ದಾರೆ. ಹಾಗಲ್ಲ. ಸುಣ್ಣ ಪ್ರತ್ಯಾಮ್ಲ, ಹುಳಿಯನ್ನು ತಿನ್ನುತ್ತದೆ. ಜಿಪ್ಸಂ ಲವಣ, ಅದು ಹುಳಿ ತಿನ್ನದು. ಅದರ ಕೆಲಸ ಬೇರೆ. ಮಂಡ್ಯದ ಕಡೆ ನಾಲೆ ನೀರಿನ ಕೆಲವು ಜಮೀನುಗಳಲ್ಲಿ ಚೌಳು ಮಣ್ಣು ಕಾಣುತ್ತೀರಿ. ಹಿಂದೆ ಮಡಿವಾಳರು ಬಟ್ಟೆಗೆ ಬಳಸುತ್ತಿದ್ದ ಆ ಚೌಳಿನಲ್ಲಿ ಸೋಡಾ ಇದೆ, ಸೋಡಿಯಂ ಇದೆ. ಸೋಡಿಯಂ ಹಿಡಿದ ಜೇಡಿ ಒಣಗಿದರೆ ಕಲ್ಲು, ನೆನೆದರೆ ಅಂಟು; ನೀರು ಇಂಗದು. ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಒಳಕ್ಕೆ ಹೋಗಿ ಸೋಡಿಯಂ ಹೊರಗೆ ಬರುತ್ತದೆ. ಹೊರಬಂದದ್ದನ್ನು ನೀರು ಕಟ್ಟಿ ಬಸಿಗಾಲುವೆಗೆ ಹರಿಸಬೇಕು. ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕಿದರೆ ಅರ್ಧ ಕೆಲಸವೇ. ಚೌಳು ಮಣ್ಣಿಗೆ ಸುಣ್ಣ ಹಾಕಿದರೆ ಕ್ಷಾರದ ಮೇಲೆ ಕ್ಷಾರ ಸುರಿದಂತೆ. ಹುಳಿ ಮಣ್ಣಿಗೆ ಹುಳಿ ತೀರಲೆಂದು ಜಿಪ್ಸಂ ಹಾಕಿದರೆ ದುಡ್ಡು ಹೋಯಿತು, ಹುಳಿ ಅಲ್ಲೇ ಕೂತಿತು. ಕಡಲೆಕಾಯಿಗೆ ಹೂವಿನ ಕಾಲದಲ್ಲಿ ಜಿಪ್ಸಂ ಕೊಡುವುದು ಕಾಯಿ ತುಂಬಲೆಂದು. ಆ ಮಾತೇ ಬೇರೆ.

ಮೂಟೆಯ ಚೀಟಿ ಹರಿದುಹೋಗಿ ಯಾವುದು ಯಾವುದೆಂದು ತಿಳಿಯದಿದ್ದರೆ ಮಗುವನ್ನು ಕರೆಯಿರಿ. ತಟ್ಟೆಯಲ್ಲಿ ಎರಡು ಪುಡಿಯನ್ನೂ ಚಿಟಿಕೆ ಚಿಟಿಕೆ ಬೇರೆಯಾಗಿ ಇಡಿ. ಮೇಲೆ ನಿಂಬೆರಸ ತೊಟ್ಟಿಕ್ಕಿ. ವಿನೆಗರ್ ಇದ್ದರೆ ಇನ್ನೂ ವಾಸಿ. ಸುಣ್ಣಕಲ್ಲಿನ ಪುಡಿ ಸಣ್ಣಗೆ ನೊರೆಯೇಳುತ್ತದೆ. ಗೂಡಿನಲ್ಲಿ ಹಾರಿಹೋಗುತ್ತಿದ್ದ ಅದೇ ಗಾಳಿ ಇಲ್ಲಿ ಗುಳ್ಳೆಯಾಗಿ ಬರುತ್ತದೆ. ಜಿಪ್ಸಂ ಸುಮ್ಮನಿರುತ್ತದೆ. ಅರಳಿದ ಸುಣ್ಣವಾದರೆ ಹೊಸದರಲ್ಲಿ ನೊರೆ ಬಾರದು, ಅದಕ್ಕೆ ಅರಿಶಿನದ ನೀರು ಹಾಕಿ, ತಟ್ಟನೆ ಕೆಂಪಾಗುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಇದು ಮೂಗಿನದು. ಒದ್ದೆ ಸುಣ್ಣಕ್ಕೆ ಚಿಟಿಕೆ ಅಮೋನಿಯಂ ಸಲ್ಫೇಟ್ ಕಲಸಿ, ಮುಖ ದೂರ ಹಿಡಿದು ಮೂಸಿ. ಘಾಟು ಹೊಡೆಯುತ್ತದೆ. ಆ ಘಾಟೇ ಅಮೋನಿಯ. ಬೆಳೆಗೆಂದು ನೀವು ಕೊಂಡ ಸಾರಜನಕ ಗಾಳಿಗೆ ಹೋಗುತ್ತಿದೆ. ಯೂರಿಯ ಅಲ್ಲೇ ಆಗಲೇ ಘಾಟು ಕೊಡದಿರಬಹುದು. ಹೊಲದಲ್ಲಿ ನಾಲ್ಕಾರು ದಿನದಲ್ಲಿ ಅದರ ಗತಿಯೂ ಇದೇ. ಆದ್ದರಿಂದ ಸುಣ್ಣವನ್ನೂ ಈ ಗೊಬ್ಬರಗಳನ್ನೂ ಒಟ್ಟಿಗೆ ಕಲಸಬಾರದು. ಸುಣ್ಣವನ್ನು ಬಿತ್ತನೆಗೆ ಎರಡು ಮೂರು ವಾರ ಮುಂಚೆ, ಮಣ್ಣಿನಲ್ಲಿ ಪಸೆ ಇರುವಾಗ ಎರಚಿ, ಕುಂಟೆ ಹೊಡೆದು ಬೆರೆಸಿ. ಗೊಬ್ಬರ ಆಮೇಲೆ ಕೊಡಿ.

ಎಕರೆಗೆ ಸುಣ್ಣ ಎಷ್ಟು ಎಂದು ಕೇಳುತ್ತೀರಿ. ಅದನ್ನು ಇಲ್ಲಿಂದ ಹೇಳಲಾಗದು. ಮರಳು ಮಣ್ಣಿಗೆ ಕಡಮೆ ಸಾಕು, ಜೇಡಿ ಮಣ್ಣು ಅದೇ ರಸಸಾರದಲ್ಲೂ ಹೆಚ್ಚು ಕೇಳುತ್ತದೆ. ಪರೀಕ್ಷೆ ಆಗಲೇಬೇಕು. ಹೊಲದ ಎಂಟು ಹತ್ತು ಕಡೆ ಕಸಕಡ್ಡಿ ಸರಿಸಿ ಆರಂಗುಲ ಆಳಕ್ಕೆ ಗುಂಡಿ ತೋಡಿ, ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಮಣ್ಣು ಕೆರೆದುಕೊಳ್ಳಿ. ತಿಪ್ಪೆಯ ಹತ್ತಿರ, ಬದುವಿನ ಮೇಲೆ, ಮರದ ನೆರಳಿನಲ್ಲಿ ಬೇಡ. ಎಲ್ಲ ಕಲಸಿ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು ಮಿಕ್ಕದ್ದನ್ನು ಮತ್ತೆ ಕಲಸಿ. ಅರ್ಧ ಕಿಲೋ ಉಳಿಯುವ ತನಕ ಹೀಗೆ ಮಾಡಿ ನೆರಳಲ್ಲಿ ಒಣಗಿಸಿ, ಬಟ್ಟೆಯ ಚೀಲಕ್ಕೆ ತುಂಬಿ. ಗೊಬ್ಬರದ ಹಳೆಯ ಚೀಲಕ್ಕೆ ತುಂಬಿದರೆ ಪರೀಕ್ಷೆ ಹೇಳುವುದು ಚೀಲದ ಸಮಾಚಾರ. ನಿಮ್ಮ ಹೆಸರು, ಊರು, ಸರ್ವೆ ನಂಬರು, ಹಿಂದಿನ ಬೆಳೆ ಇಷ್ಟನ್ನು ಒಂದು ಚೀಟಿಯಲ್ಲಿ ಮಗುವಿನ ಕೈಯಲ್ಲೇ ಬರೆಸಿ, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಚೀಟಿ ವಾಪಸು ಬಂದಾಗ ಮೊದಲು ರಸಸಾರದ ಸಾಲು ಓದಿಸಿ. ಯಾವ ಮೂಟೆ ಎಂಬುದನ್ನು ಆಮೇಲೆ ತೀರ್ಮಾನ ಮಾಡಿ.