ಆಚೆ ನಿಂತ ಏಳು ಮಂದಿ



ಕಾದಂಬರಿಗಳನ್ನು ಆಧರಿಸಿದ ಚಿತ್ರಗಳ ಈ ಉತ್ಸವಕ್ಕೆ ಮೊದಲ ಚಿತ್ರವಾಗಿ ನೀವು ‘ದಿ ಆಕ್ಸ್-ಬೋ ಇನ್ಸಿಡೆಂಟ್’ ಆರಿಸಿದ್ದೀರಿ. ಅದಕ್ಕಾಗಿ ಸಂಘಟಕರನ್ನು ಮನಸಾರೆ ಅಭಿನಂದಿಸುತ್ತೇನೆ.

ಕೌಬಾಯ್ ಕಥೆ ಎಂದೊಡನೆ ಕುದುರೆ, ಪಿಸ್ತೂಲು, ಕೊನೆಗೆ ಗೆಲ್ಲುವ ನಾಯಕ ನಮ್ಮ ಕಣ್ಣಮುಂದೆ ಬರುತ್ತಾರೆ. ವಾಲ್ಟರ್ ವ್ಯಾನ್ ಟಿಲ್ಬರ್ಗ್ ಕ್ಲಾರ್ಕ್ 1940ರಲ್ಲಿ ಪ್ರಕಟಿಸಿದ ಈ ಮೊದಲ ಕಾದಂಬರಿಯಲ್ಲಿ ಕುದುರೆಗಳಿವೆ, ಪಿಸ್ತೂಲುಗಳಿವೆ. ಗೆದ್ದವರು ಮಾತ್ರ ಯಾರೂ ಇಲ್ಲ. 1885ರ ನೆವಾಡಾದ ಒಂದು ಸಣ್ಣ ಊರು. ಕಿಂಕೇಡ್ ಎಂಬವನನ್ನು ದನಗಳ್ಳರು ಕೊಂದರೆಂದು ಸುದ್ದಿ ಬರುತ್ತದೆ. ಶೆರಿಫ್ ಊರಲ್ಲಿಲ್ಲ. ನ್ಯಾಯಾಧೀಶನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೊರಟ ಗುಂಪಿಗೆ ರಾತ್ರಿ ಕಣಿವೆಯಲ್ಲಿ ಮೂವರು ಸಿಗುತ್ತಾರೆ. ಅವರ ಬಳಿ ದನಗಳಿವೆ, ಕೊಂಡದ್ದಕ್ಕೆ ಚೀಟಿ ಇಲ್ಲ. ಬೆಳಗಾಗುವಾಗ ಮೂವರನ್ನೂ ನೇಣಿಗೆ ಹಾಕುತ್ತಾರೆ. ಹಿಂದಿರುಗುವ ದಾರಿಯಲ್ಲಿ ತಿಳಿಯುತ್ತದೆ: ಕಿಂಕೇಡ್ ಸತ್ತೇ ಇಲ್ಲ.

1943ರಲ್ಲಿ ವಿಲಿಯಂ ವೆಲ್‌ಮನ್ ಇದನ್ನು ಕೇವಲ 75 ನಿಮಿಷಗಳ ಚಿತ್ರವಾಗಿಸಿದರು. ಗಿಲ್ ಕಾರ್ಟರ್ ಪಾತ್ರದಲ್ಲಿ ಹೆನ್ರಿ ಫಾಂಡಾ. ಈ ಪಾತ್ರ ಅವರಿಗೆ ಬರೀ ನಟನೆಯಾಗಿರಲಿಲ್ಲ. 1919ರಲ್ಲಿ ಒಮಾಹಾ ನಗರದಲ್ಲಿ ವಿಲ್ ಬ್ರೌನ್ ಎಂಬ ಕಪ್ಪುವರ್ಣೀಯನನ್ನು ಉದ್ರಿಕ್ತ ಗುಂಪು ಕೊಂದದ್ದನ್ನು ಹದಿನಾಲ್ಕರ ಫಾಂಡಾ ತಂದೆಯ ಮುದ್ರಣಾಲಯದ ಕಿಟಕಿಯಿಂದ ಕಣ್ಣಾರೆ ಕಂಡಿದ್ದರು.

ಈಗ ಈ ಉತ್ಸವದ ಆಶಯಕ್ಕೆ ತೀರ ಹತ್ತಿರವಾದ ಒಂದು ವಿಚಾರ. ನೇಣಿಗೆ ಮುನ್ನ, ಬೇಡ ಎನ್ನುವವರು ಆಚೆ ಬಂದು ನಿಲ್ಲಲಿ ಎಂದು ಮತ ಕೇಳುತ್ತಾರೆ. ಚಿತ್ರದಲ್ಲಿ ಏಳು ಮಂದಿ ಆಚೆ ನಿಲ್ಲುತ್ತಾರೆ. ಅವರಲ್ಲಿ ಫಾಂಡಾ ಕೂಡ ಒಬ್ಬರು. ಕಾದಂಬರಿಯಲ್ಲಿ ಹಾಗೆ ನಿಲ್ಲುವವರು ಐವರೇ. ಕಥೆ ಹೇಳುವ ಆರ್ಟ್ ಕ್ರಾಫ್ಟ್ ಆಗಲಿ, ಅವನ ಗೆಳೆಯ ಗಿಲ್ ಆಗಲಿ ಆ ಐವರಲ್ಲಿಲ್ಲ. ನಾವು ಯಾರ ಕಣ್ಣಿನಿಂದ ಕಥೆಯನ್ನು ನೋಡುತ್ತ ಬಂದೆವೋ, ಅವನೇ ನೇಣು ಹಾಕುವವರ ನಡುವೆ ಉಳಿದುಬಿಡುತ್ತಾನೆ.

ನೇಣಿಗೇರಿದ ಮೂವರಲ್ಲಿ ಒಬ್ಬನಾದ ಮಾರ್ಟಿನ್ ಸಾಯುವ ಮುನ್ನ ಹೆಂಡತಿಗೆ ಬರೆದ ಪತ್ರದಲ್ಲೂ ಇಂಥದೇ ವ್ಯತ್ಯಾಸವಿದೆ. ಅದರಲ್ಲಿ ಏನಿತ್ತೆಂದು ಕಾದಂಬರಿ ಕೊನೆಯವರೆಗೂ ನಮಗೆ ಹೇಳುವುದಿಲ್ಲ. ಚಿತ್ರದಲ್ಲಿ ಫಾಂಡಾ ಅದನ್ನು ತಪ್ಪಿತಸ್ಥರ ಮುಂದೆ ಗಟ್ಟಿಯಾಗಿ ಓದುತ್ತಾರೆ. ಓದುವಾಗ ಅವರ ಕಣ್ಣುಗಳು ಗೆಳೆಯನ ಟೋಪಿಯ ಅಂಚಿನ ಹಿಂದೆ ಮರೆಯಾಗಿರುತ್ತವೆ; ನಮಗೆ ಕಾಣುವುದು ತುಟಿ ಮಾತ್ರ, ಕೇಳುವುದು ದನಿ ಮಾತ್ರ.

ಇವುಗಳಲ್ಲಿ ಯಾವುದು ಮೇಲು ಎಂದು ತಕ್ಕಡಿ ಹಿಡಿಯುವುದು ಬೇಡ. ನಾವು ಹೇಗಿರಬೇಕು ಎಂದು ಚಿತ್ರ ತೋರಿಸುತ್ತದೆ. ಸಮಯ ಬಂದಾಗ ನಾವು ಹೇಗೆ ಇದ್ದುಬಿಡಬಹುದು ಎಂದು ಕಾದಂಬರಿ ಎಚ್ಚರಿಸುತ್ತದೆ. ನಮಗೆ ಎರಡೂ ಬೇಕು. ಚಿತ್ರವನ್ನಷ್ಟೇ ನೋಡಿದರೆ, ನಾನಾಗಿದ್ದರೆ ಆಚೆ ನಿಲ್ಲುತ್ತಿದ್ದೆ ಎಂಬ ಸುಲಭದ ಸಮಾಧಾನ ಸಿಕ್ಕಿಬಿಡುತ್ತದೆ. ಆ ಸಮಾಧಾನವನ್ನು ಕಾದಂಬರಿ ಕಸಿದುಕೊಳ್ಳುತ್ತದೆ.

ಇದು ದೂರದ ನೆವಾಡಾದ ಹಳೆಯ ಕಥೆ ಎಂದು ನಾವು ನೆಮ್ಮದಿಯಾಗಿರುವಂತಿಲ್ಲ. 2018ರಲ್ಲಿ ನಮ್ಮದೇ ಬೀದರ್ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪೊಂದು ಹೈದರಾಬಾದಿನ ಯುವ ಎಂಜಿನಿಯರ್‌ನನ್ನು ಹೊಡೆದು ಕೊಂದಿತು. ಅಲ್ಲಿಯೂ ಸುಳ್ಳು ಸುದ್ದಿ, ಇಲ್ಲಿಯೂ ಸುಳ್ಳು ಸುದ್ದಿ. ಗುಂಪಿನಲ್ಲಿ ಎಲ್ಲರೂ ಕ್ರೂರಿಗಳಾಗಿರಬೇಕಿಲ್ಲ. ತಪ್ಪೆಂದು ತಿಳಿದವರು ಸುಮ್ಮನಿದ್ದರೆ ಸಾಕು, ಕೊಲೆ ನಡೆದುಹೋಗುತ್ತದೆ. ಹೆಚ್ಚು ಜನ ಒಪ್ಪಿದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗದು.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಇಂದು ಚಿತ್ರ ನೋಡಿ, ಬಳಿಕ ಕಾದಂಬರಿಯನ್ನೂ ಹುಡುಕಿ ಓದಿ. ಆ ಮತದ ಪ್ರಸಂಗವನ್ನು ಎರಡರಲ್ಲೂ ಗಮನಿಸಿ, ಗೆಳೆಯರೊಡನೆ ಚರ್ಚಿಸಿ. ಒಂಟಿಯಾಗಿಯಾದರೂ ಆಚೆ ಹೋಗಿ ನಿಲ್ಲುವ ಧೈರ್ಯವನ್ನು ಇಂಥ ಕಲಾಕೃತಿಗಳ ಸಹವಾಸ ನಿಮ್ಮಲ್ಲಿ ಬೆಳೆಸಲಿ ಎಂದು ಹಾರೈಸುತ್ತ, ಈ ಚಿತ್ರೋತ್ಸವವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ.