ಆಸ್ಪತ್ರೆಯ ಫಾರ್ಮಸಿ: ಕೆಲಸ ಸಿಕ್ಕಿದ ಮೇಲಿನ ಓದು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಯ್ಕೆ ಸಮಿತಿಯ ಪರವಾಗಿ ಆಡಿದ ಮಾತುಗಳು)

 

ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯಲ್ಲಿರುವವರು ನಾವು ನಿವೃತ್ತ ಶಿಕ್ಷಕರು. ಮಕ್ಕಳ ತಪ್ಪು ತಿದ್ದಿಯೇ ನಮ್ಮ ಆಯುಷ್ಯ ಕಳೆದಿದೆ. ಇಂದು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕಾಗಿದೆ.

ಪಿಯುಸಿ ಸೈನ್ಸ್ ಮುಗಿಸಿ, ಮೆಡಿಕಲ್ ಸೀಟು ಸಿಗದೆ ಸಪ್ಪೆ ಮುಖ ಮಾಡಿಕೊಂಡು ಬಂದ ಮಕ್ಕಳಿಗೆ ನಾವು ಬಹಳ ವರ್ಷ ಒಂದೇ ಮಾತು ಹೇಳಿದೆವು: "ಬೇಸರ ಮಾಡಬೇಡ, ಡಿ.ಫಾರ್ಮ ಆದರೂ ಮಾಡು." ಆ "ಆದರೂ" ಎಂಬ ಮಾತು ಎಷ್ಟು ತಪ್ಪು ಎಂಬುದು ನಮಗೆ ಗೊತ್ತಾದದ್ದು ನಮ್ಮ ಮನೆಯವರಿಗೇ ಕಾಯಿಲೆ ಬಂದಾಗ.

ನಮ್ಮ ಸಮಿತಿಯವರೊಬ್ಬರ ಅಕ್ಕನಿಗೆ ಸಂಧಿವಾತ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಇತ್ತು. ಸಂಧಿವಾತಕ್ಕೆ ಅದನ್ನು ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ತೆಗೆದುಕೊಂಡರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣಗಳು ಕಡಿಮೆಯಾಗಿ, ಜೀವಕ್ಕೇ ಅಪಾಯ. ಅದರ ಜೊತೆ ಬರೆಯುವ ಫೋಲಿಕ್ ಆಸಿಡ್ ಮಾತ್ರೆಯೂ ಎಷ್ಟೋ ಸಲ ಹಾಗೆಯೇ ಸಣ್ಣದು, ಹಳದಿ ಬಣ್ಣದ್ದು. ಅಂದಿನ ಚೀಟಿಯಲ್ಲಿ ಎರಡರ ಮುಂದೆಯೂ "ದಿನಕ್ಕೆ ಒಂದು" ಎಂದು ಬಿದ್ದಿತ್ತು.

ಬಿಲ್ ಪಾವತಿಯಾಗಿತ್ತು, ಹೊರಗೆ ಆಟೋ ಕಾಯುತ್ತಿತ್ತು. ಕೌಂಟರಿನಲ್ಲಿದ್ದ ಹುಡುಗಿ ಮದ್ದು ಕೊಡಲಿಲ್ಲ. "ಉಮ್ಮಾ, ಸ್ವಲ್ಪ ಕೂತುಕೊಳ್ಳಿ" ಎಂದು ಹೇಳಿ ವಾರ್ಡಿಗೆ ಫೋನ್ ಮಾಡಿದಳು. ಆ ಕಡೆಯಿಂದ ಗದರಿದ ಹಾಗೆ ಉತ್ತರ ಬಂತು. ಅವಳು ಫೋನ್ ಇಡಲಿಲ್ಲ, ಡಾಕ್ಟರರನ್ನೇ ಕೇಳಿದಳು. ಚೀಟಿ ತಿದ್ದಿ ಬಂತು. ಆಮೇಲೆ ಮಾತ್ರೆಯ ಕವರಿನ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ "ಸೋಮವಾರ ಮಾತ್ರ" ಎಂದು ಬರೆದು, ಅದನ್ನು ಅಕ್ಕನ ಬಾಯಿಂದಲೇ ಎರಡು ಸಲ ಹೇಳಿಸಿ ಕಳುಹಿಸಿದಳು. ಮುಂದಿನ ವಾರ ತನ್ನ ಮೇಲಿನವರ ಹತ್ತಿರ ಮಾತಾಡಿ, ಈ ಮಾತ್ರೆಯ ಪ್ರತಿ ಕವರಿನ ಮೇಲೂ ವಾರದ ಹೆಸರು ಬರೆಯಬೇಕೆಂಬ ಕ್ರಮವನ್ನೂ ಮಾಡಿಸಿದಳು.

ಯಾರು ಆ ಹುಡುಗಿ? ಬೀಡಿ ಕಟ್ಟುವ ತಾಯಿಯ ಮಗಳು. ಕೆಲವು ವರ್ಷ ಹಿಂದೆ ನಮ್ಮಿಂದ "ಡಿ.ಫಾರ್ಮ ಆದರೂ ಮಾಡು" ಎಂದು ಹೇಳಿಸಿಕೊಂಡು ಹೋದವಳು.

ನಾಯಕತ್ವ ಎಂದರೆ ಮೈಕಿನ ಮುಂದೆ ನಿಲ್ಲುವುದು ಎಂದು ನಾವು ಶಾಲೆಯಲ್ಲಿ ಕಲಿಸಿದ್ದೆವು. ಅವಳಿಗೆ ಮೈಕೂ ಇರಲಿಲ್ಲ, ಹುದ್ದೆಯೂ ಇರಲಿಲ್ಲ. ಫಾರ್ಮಸಿಸ್ಟ್ ಹೇಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1997ರಲ್ಲಿ ಏಳು ಪಾತ್ರಗಳನ್ನು ಹೇಳಿತು. ಅದರಲ್ಲಿ ನಾಯಕ ಎಂಬುದೂ ಇದೆ, ಶಿಕ್ಷಕ ಎಂಬುದೂ ಇದೆ. ಅಂದು ಆ ಕೌಂಟರಿನಲ್ಲಿ ಎರಡೂ ಕೆಲಸ ನಡೆಯಿತು.

ಈಗ ನಮ್ಮ ತಪ್ಪಿಗೆ ಬರುತ್ತೇವೆ. ಡಿ.ಫಾರ್ಮ ಎಂದರೆ ಎರಡು ವರ್ಷದ ಓದು, ಆಮೇಲೆ 500 ಗಂಟೆಯ ಪ್ರಾಯೋಗಿಕ ತರಬೇತಿ. ಅಲ್ಲಿಂದ ಕೌಂಟರಿಗೆ ಬರಬಹುದು. ಮುಂದೆ ಹತ್ತಲು ಮೆಟ್ಟಿಲುಗಳಿವೆ. ದಾಸ್ತಾನು ಮತ್ತು ಖರೀದಿ ನೋಡಿಕೊಳ್ಳುವುದು, ಇನ್ಸುಲಿನ್, ಲಸಿಕೆಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಕಾಪಾಡುವುದು, ಡಾಕ್ಟರರ ಜೊತೆ ವಾರ್ಡ್ ಸುತ್ತಿ ರೋಗಿಯ ಮದ್ದುಗಳನ್ನು ಪರಿಶೀಲಿಸುವುದು, ಮದ್ದಿನ ಅಡ್ಡಪರಿಣಾಮಗಳನ್ನು ವರದಿ ಮಾಡುವುದು. ಈ ವರದಿಗಾಗಿಯೇ 2010ರಿಂದ ದೇಶದಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮ ನಡೆಯುತ್ತಿದೆ. ಕೊನೆಗೆ ಇಡೀ ವಿಭಾಗದ ಮುಖ್ಯಸ್ಥರಾಗಿ, ಆಸ್ಪತ್ರೆಯಲ್ಲಿ ಯಾವ ಮದ್ದು ಇಡಬೇಕು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಕೂರುವುದು. ಸರ್ಕಾರದಲ್ಲಿ ಔಷಧ ಪರಿವೀಕ್ಷಕರ ಹುದ್ದೆಯೂ ಇದೆ. ಈ ಮೇಲಿನ ಮೆಟ್ಟಿಲುಗಳಿಗೆ ಹೆಚ್ಚಾಗಿ ಪದವಿ ಕೇಳುತ್ತಾರೆ.

ಅದಕ್ಕೆ ದಾರಿಯೂ ಇದೆ. ಡಿ.ಫಾರ್ಮ ಪಾಸಾದವರು ಬಿ.ಫಾರ್ಮದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ನೇರ ಪಿಯುಸಿಯಿಂದ ಬರುವವರಿಗೆ ನಾಲ್ಕು ವರ್ಷದ ಬಿ.ಫಾರ್ಮ ಇದೆ. 2008ರಲ್ಲಿ ಶುರುವಾದ ಆರು ವರ್ಷದ ಫಾರ್ಮ್.ಡಿ. ಇದೆ, ಅದರ ಕೊನೆಯ ವರ್ಷ ಇಂಟರ್ನ್‌ಶಿಪ್. ದೂರ ಹೋಗಬೇಕಾಗಿಲ್ಲ, ನಮ್ಮ ದೇರಳಕಟ್ಟೆ, ಮಣಿಪಾಲಗಳಲ್ಲಿಯೇ ಈ ಓದು ಇದೆ. 1848ರಿಂದ ನಡೆದು ಬಂದಿರುವ ವೆನ್ಲಾಕ್ ಆಸ್ಪತ್ರೆ ಇರುವ ಊರು ನಮ್ಮದು. ಕಾಸರಗೋಡಿನಿಂದಲೂ ಜನ ಇಲ್ಲಿಗೆ ಚಿಕಿತ್ಸೆಗೆ ಬರುತ್ತಾರೆ. ಮದ್ದು ಬಲ್ಲವರ ಅಗತ್ಯ ಇಲ್ಲಿ ಕಡಿಮೆಯಾಗುವುದಿಲ್ಲ.

ಆ ಹುಡುಗಿ ಈ ದಾರಿ ತಿಳಿದುಕೊಂಡು, ಬಿ.ಫಾರ್ಮ ಸೇರಲು ನಮ್ಮಲ್ಲಿಗೆ ಅರ್ಜಿ ತಂದಿದ್ದಳು. ನಾವು ವಾಪಸ್ ಕಳುಹಿಸಿದೆವು. "ಪಿಯುಸಿ ಮುಗಿದ ವರ್ಷವೇ ಅರ್ಜಿ ಹಾಕಬೇಕು, ಉದ್ಯೋಗದಲ್ಲಿರುವವರಿಗೆ ಇಲ್ಲ" ಎಂಬುದು ನಮ್ಮ ನಿಯಮವಾಗಿತ್ತು. ಅವಳು ಎದುರು ಮಾತಾಡಲಿಲ್ಲ, "ಆಯ್ತು ಸರ್" ಎಂದು ಹೋದಳು. ಎರಡು ವರ್ಷ ಸಂಬಳದಲ್ಲಿ ಉಳಿಸಿ, ಈಗ ಸೇರಿದ್ದಾಳೆ. ಆ ಎರಡು ವರ್ಷ ನಾವು ಅವಳಿಂದ ಕಿತ್ತುಕೊಂಡದ್ದು.

ಆದ್ದರಿಂದ ಈ ಸಲದ ವಿದ್ಯಾರ್ಥಿವೇತನ ಪ್ರಕಟಣೆಯಲ್ಲಿ ಆ ಸಾಲನ್ನು ತೆಗೆದಿದ್ದೇವೆ. ಕೆಲಸ ಮಾಡುತ್ತಿರುವವರೂ, ಮದುವೆಯಾದ ಹೆಣ್ಣುಮಕ್ಕಳೂ ಅರ್ಜಿ ಹಾಕಬಹುದು. ದಾನಿಗಳಲ್ಲಿ ಒಂದು ವಿನಂತಿ: ಮೊದಲ ವರ್ಷದ ಫೀಸು ಕೊಟ್ಟು ಫೋಟೋ ತೆಗೆದರೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳುವುದು ಬೇಡ. ಮಗು ಎಲ್ಲಿಗೆ ಮುಟ್ಟಿತು ಎಂದು ಐದು ವರ್ಷ ಕಳೆದ ಮೇಲೂ ಕೇಳೋಣ.

ಮನೆಯವರಿಗೆ ಮೂರು ಮಾತು. ಒಂದು, ಫೀಸು ಕಟ್ಟುವ ಮೊದಲು ಆ ಕಾಲೇಜಿಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇದೆಯೇ ನೋಡಿ. ಮಾನ್ಯತೆ ಇಲ್ಲದಿದ್ದರೆ ಮುಂದೆ ನೋಂದಣಿಯೇ ಆಗುವುದಿಲ್ಲ. ಸಿಇಟಿ ಮೂಲಕ ಬಿ.ಫಾರ್ಮ ಸೀಟು ಸಿಕ್ಕಿದವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲದ ಬಗ್ಗೆಯೂ ವಿಚಾರಿಸಿ.

ಎರಡು, ಸರ್ಟಿಫಿಕೇಟನ್ನು ಮೆಡಿಕಲ್ ಶಾಪಿಗೆ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂರಬೇಡಿ. "ತಿಂಗಳಿಗೆ ಇಷ್ಟು ಬರುತ್ತದೆ ಸರ್" ಎಂದು ನಮ್ಮ ಮುಂದೆಯೇ ಹೇಳಿದವರಿದ್ದಾರೆ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ನೋಂದಾಯಿತ ಫಾರ್ಮಸಿಸ್ಟ್ ಮಾತ್ರ ಚೀಟಿಯ ಮೇಲೆ ಮದ್ದು ಕೊಡಬೇಕು. ಗೋಡೆಯಲ್ಲಿ ನಿಮ್ಮ ಹೆಸರು ತೂಗುತ್ತಿದ್ದು, ಮದ್ದು ಕೊಡುವವರು ಬೇರೆಯಾದರೆ, ಯಾರದೋ ಅಕ್ಕನ "ಸೋಮವಾರ ಮಾತ್ರ" ಬರೆಯುವವರು ಯಾರು? ಆ ಕಾಗದ ಒಂದು ಅಮಾನತ್. ಅದಕ್ಕೆ ಖಿಯಾನತ್ ಮಾಡಬಾರದು.

ಮೂರು, ಆಸ್ಪತ್ರೆ ರಾತ್ರಿ ಮುಚ್ಚುವುದಿಲ್ಲ. ರಾತ್ರಿ ಪಾಳಿ ಎಂಬ ಒಂದೇ ಕಾರಣಕ್ಕೆ ಮಗಳ ಕೆಲಸ ಬಿಡಿಸುವ ಮೊದಲು ಹೋಗಿ ಬರುವ ವ್ಯವಸ್ಥೆ ಏನಿದೆ ಎಂದು ಆಸ್ಪತ್ರೆಯವರನ್ನು ಕೇಳಿ. ಬೇಕಾದರೆ ನಾವೂ ನಿಮ್ಮ ಜೊತೆ ಬಂದು ಕೇಳುತ್ತೇವೆ.

ಮಕ್ಕಳೇ, ಇನ್ನು ಮುಂದೆ ನಾವು "ಆದರೂ" ಎನ್ನುವುದಿಲ್ಲ. ನೀವೂ ಸಂದರ್ಶನದಲ್ಲಿ ತಲೆ ತಗ್ಗಿಸಿ "ಬರೀ ಫಾರ್ಮಸಿ ಸರ್" ಎನ್ನಬೇಡಿ. ಓದಿರಿ, ಸಂಶಯ ಬಂದಾಗ ಫೋನ್ ಎತ್ತುವ ಧೈರ್ಯ ಬೆಳೆಸಿಕೊಳ್ಳಿ. ನಿಮ್ಮ ಕೈಯಿಂದ ಹೋಗುವ ಪ್ರತಿಯೊಂದು ಮದ್ದನ್ನೂ ಅಲ್ಲಾಹನು ಶಿಫಾ ಆಗಿ ಮಾಡಲಿ. ಆಮೀನ್.