ಗೆದ್ದಲು ಎಂಬ ಮಾತು



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಮೇಷ್ಟ್ರು ಹೇಳಿದ್ದಾರೆ. ಅದರಲ್ಲಿ ಒಂದೇ ವಿಷಯ ಹೇಳುತ್ತೇನೆ. ನಮ್ಮ ಕೆಲಸದಲ್ಲಿ ತಪ್ಪಿಗೆ ‘ಬಗ್’ ಎನ್ನುತ್ತಾರೆ, ಅಂದರೆ ಹುಳ. ಹುಳ ಸಿಕ್ಕಿತು ಎಂದ ಮೇಲೆ ಅದರ ಊರು ಯಾವುದು, ಹೆಂಡತಿ ಮಕ್ಕಳು ಇದ್ದಾರಾ ಎಂದು ಯಾರೂ ಕೇಳುವುದಿಲ್ಲ, ತೆಗೆದು ಹಾಕುತ್ತಾರೆ. ಪ್ರೋಗ್ರಾಮಿನಲ್ಲಿ ಅದು ಸರಿ.

2018ರಲ್ಲಿ ರಾಜಸ್ಥಾನದ ಸಭೆಯೊಂದರಲ್ಲಿ, ಆಗ ಬಿಜೆಪಿ ಅಧ್ಯಕ್ಷರಾಗಿದ್ದ ಅಮಿತ್ ಶಾ ಅವರು ಅಕ್ರಮವಾಗಿ ದೇಶದೊಳಗೆ ಬಂದವರನ್ನು ಗೆದ್ದಲು ಎಂದರು. 2023ರಲ್ಲಿ ಅಮೆರಿಕದ ಟ್ರಂಪ್ ಅವರು ವಲಸಿಗರು ದೇಶದ ರಕ್ತಕ್ಕೆ ವಿಷ ಬೆರೆಸುತ್ತಿದ್ದಾರೆ ಎಂದರು. ಗೆದ್ದಲಿಗೆ ಏನು ಮಾಡುತ್ತೇವೆ ಎಂದು ಇಲ್ಲಿರುವ ರೈತರಿಗೆ ನಾನು ಹೇಳಬೇಕೇ? ಔಷಧಿ ಹೊಡೆಯುತ್ತೇವೆ. 1994ರಲ್ಲಿ ರುವಾಂಡದ ಒಂದು ರೇಡಿಯೋ ಟುಟ್ಸಿ ಜನರನ್ನು ಜಿರಳೆ ಎಂದು ಕರೆಯುತ್ತಿತ್ತು. ಸುಮಾರು ನೂರು ದಿನಗಳಲ್ಲಿ ಲಕ್ಷಗಟ್ಟಲೆ ಜನರನ್ನು ಕೊಂದರು, ಎಷ್ಟೋ ಕಡೆ ಅಕ್ಕಪಕ್ಕದ ಮನೆಯವರೇ.

ಅಕ್ರಮವಾಗಿ ಬಂದವರನ್ನು ವಿಚಾರಿಸಬೇಡಿ ಎಂದು ನಾನು ಹೇಳುತ್ತಿಲ್ಲ. ವಿಚಾರಿಸಲಿ, ಕಾಗದಪತ್ರ ನೋಡಲಿ. ಆದರೆ ಹುಳ ಎಂದು ಕರೆದ ಮೇಲೆ ಕಾಗದ ನೋಡುವ ತಾಳ್ಮೆ ಯಾರಿಗಿರುತ್ತದೆ?

ದೂರ ಹೋಗುವುದು ಬೇಡ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಹತ್ತಿರ, ಕರಿಯಮ್ಮನ ಅಗ್ರಹಾರದ ಗುಡಿಸಲುಗಳಲ್ಲಿ ಬಾಂಗ್ಲಾದೇಶದವರಿದ್ದಾರೆ ಎಂಬ ವಿಡಿಯೋ ಹರಿದಾಡಿತು. ಕೆಲವೇ ದಿನಗಳಲ್ಲಿ ಗುಡಿಸಲುಗಳನ್ನು ನೆಲಸಮ ಮಾಡಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರದವರಿದ್ದರು, ನಮ್ಮ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ನಮ್ಮಂಥ ಐಟಿಯವರ ಅಪಾರ್ಟ್‌ಮೆಂಟುಗಳಲ್ಲಿ ಕಸ ಗುಡಿಸಿ, ಪಾತ್ರೆ ತೊಳೆದು, ಗೇಟು ಕಾಯುವ ಜನ. ಕೈಯಲ್ಲಿ ಆಧಾರ್, ವೋಟರ್ ಕಾರ್ಡು ಇತ್ತು. ಆಮೇಲೆ ಹೈಕೋರ್ಟು ಪೊಲೀಸರ ಕ್ರಮ ಕಾನೂನಿಗೆ ವಿರುದ್ಧ ಎಂದಿತು. ಮನೆ ಮಾತ್ರ ಅಷ್ಟರಲ್ಲಿ ಬಿದ್ದಾಗಿತ್ತು. ನಮ್ಮ ತಾಲ್ಲೂಕಿನಿಂದಲೂ ಬೆಂಗಳೂರಿಗೆ, ತಿರುಪ್ಪೂರಿಗೆ, ಕೇರಳಕ್ಕೆ ದುಡಿಯಲು ಹೋದವರಿದ್ದಾರೆ. ಈ ಸಭೆಯಲ್ಲಿ ಅವರ ಅಪ್ಪ ಅಮ್ಮಂದಿರೇ ಕೂತಿದ್ದೀರಿ.

ನಮ್ಮ ಜಿಲ್ಲೆಯಲ್ಲೇ, ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ, ದೇಶ ಬಿಟ್ಟು ಬಂದ ಟಿಬೆಟಿನವರಿದ್ದಾರೆ. 1970ರ ದಶಕದಲ್ಲಿ ಬಂದವರು. ಹೆಚ್ಚುಕಡಿಮೆ ನಮ್ಮ ಶಾಲೆಯಷ್ಟೇ ವಯಸ್ಸು ಆ ವಸತಿಗೆ. ಮುಸುಕಿನ ಜೋಳ ಬೆಳೆಯುತ್ತಾರೆ, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಾರೆ.

ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ಈ ವರ್ಷದ ಶಾಲಾ ಪ್ರವಾಸಕ್ಕೆ ಹತ್ತನೇ ತರಗತಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಅಲ್ಲಿಯ ಮಕ್ಕಳ ಜೊತೆ ಒಂದು ದಿನ ಇದ್ದು ಬರಲಿ. ಬಸ್ಸಿನ ಬಾಡಿಗೆ ನಮ್ಮ ಬ್ಯಾಚಿನವರದು.